ಮೂರು ಸಲ ನೋಡಿದ ಗೇಟು

ಚಿಂತೆ ಮಾಡುವುದಕ್ಕೆ ಸರ್ಕಾರ ಸಂಬಳ ಕೊಡುವುದಿದ್ದರೆ ನಾನು ಇಷ್ಟೊತ್ತಿಗೆ ಬಡ್ತಿಯ ಮೇಲೆ ಬಡ್ತಿ ಪಡೆದು ಜಿಲ್ಲಾಕೇಂದ್ರ ಈರೋಡಿನಲ್ಲಿರುತ್ತಿದ್ದೆ. ಸದ್ಯಕ್ಕೆ ದೊಡ್ಡಗಾಜನೂರಿನಲ್ಲಿ ಮನೆ, ತಾಳವಾಡಿಯಲ್ಲಿ ಕನ್ನಡ ಮೇಷ್ಟರ ಕೆಲಸ. ಅದೇ ಶಾಲೆಯಲ್ಲಿ ಹತ್ತನೆಯ ತರಗತಿ ಓದುವ ನನ್ನ ಮಗಳು ಸೌಮ್ಯ ಸ್ವಾತಂತ್ರ್ಯದ ಮೇಲೊಂದು ಕವಿತೆ ಬರೆದಳು. ಆಗಸ್ಟ್ ಹದಿನೈದರಂದು ಅದನ್ನು ಅವಳು ಓದುವುದು, ಅದರ ರೂಪ, ಭಾವದ ಬಗ್ಗೆ ನಾನು ನಾಲ್ಕು ಮಾತಾಡುವುದು ಎಂದು ಹೆಡ್ಮಾಸ್ಟರು ತೀರ್ಮಾನಿಸಿಬಿಟ್ಟರು. ಹಿಂದಿನ ಸಂಜೆ ಕೆಂಪು ಪೆನ್ನು ಹಿಡಿದು ಕವಿತೆಯೆದುರು ಕೂತೆ.

‘ಆನೆಗೆ ಹೆದರಿ ಸೋಲಾರ್ ಬೇಲಿ ಹಾಕಿದೆವು.
ಈಗ ನಾವು ಒಳಗೆ, ಆನೆ ಹೊರಗೆ.
ಗೇಟು ಹಾಕಿದೆಯೇ ಎಂದು ಅಪ್ಪ ಮೂರು ಸಲ ನೋಡುತ್ತಾನೆ.
ಆನೆ ಒಂದು ಸಲವೂ ನೋಡುವುದಿಲ್ಲ.’

ಪ್ರಾಸವಿಲ್ಲ. ಮಾತ್ರೆ ಎಣಿಸಿದರೆ ಒಂದೊಂದು ಸಾಲಿಗೂ ಒಂದೊಂದು ಲೆಕ್ಕ. ರಾಷ್ಟ್ರಧ್ವಜವಂತೂ ಹುಡುಕಿದರೂ ಸಿಗಲಿಲ್ಲ. ಮೂರು ಸಲ ಗೇಟು ನೋಡುವ ಅಪ್ಪ ಮಾತ್ರ ಸಿಕ್ಕಿದ. ಊರೆಲ್ಲ ಬಂದು ಕೂತಿರುತ್ತದೆ, ಇಪ್ಪತ್ತು ವರ್ಷ ಜೋಪಾನ ಮಾಡಿದ ಮರ್ಯಾದೆಯ ಗತಿ? ‘ರೂಪ: ಶಿಥಿಲ. ಭಾವ: ಬಂಧನದ ದುಗುಡ’ ಎಂದು ಚೀಟಿಯಲ್ಲಿ ಬರೆದುಕೊಂಡೆ. ಅಪ್ಪನಿರುವ ಸಾಲನ್ನು ಹೊಡೆದುಹಾಕಿ ‘ತಾಯಿ ಭಾರತಿಯ ವೀರ ಕುವರರು’ ಎಂದು ತಿದ್ದಿದೆ.

“ಅಪ್ಪಾ, ಆ ಸಾಲು ತಗುದ್ರೆ ನಾನು ಓದಲ್ಲ,” ಎಂದಳು ಸೌಮ್ಯ.

ರಾಗಿ ಕೇರುತ್ತಿದ್ದ ನಮ್ಮವ್ವ ಮೊರ ಕೆಳಗಿಟ್ಟಳು. “ಎಲ್ಲಿ, ಓದವ್ವ ನಾನೂ ಕೇಳ್ತೀನಿ.” ಕೇಳಿದವಳೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಭಾವ ದುಗುಡದ್ದು ಎಂದು ವಿವರಿಸಿದೆ.

“ದುಗುಡ ಎಲ್ಲದ್ಲಾ ಇದ್ರಲ್ಲಿ? ಕೂಸು ನಗ್ತಾ ಅದೆ ಕಣ್ಲಾ. ದುಗುಡ ಇರಾದು ನಿನ್ ಮೊಕದಲ್ಲಿ.”

“ಜನ ನಗ್ತಾರೆ ಕಣವ್ವ.”

“ನಗ್ಲಿ ಬುಡ್ಲಾ. ಅಪ್ಪನ್ನ ನೋಡಿ ನಗಾಕೂ ಆಗ್ದಿದ್ರೆ ಅದ್ಯಾವ ಸ್ವಾತಂತ್ರ್ಯ?”

ಅಕ್ಷರ ಕಲಿಯದ ಅವ್ವನಿಂದ ಪಾಠ ಹೇಳಿಸಿಕೊಂಡು, ಹೊಡೆದುಹಾಕಿದ ಸಾಲನ್ನು ನಾನೇ ದುಂಡಗೆ ಮತ್ತೆ ಬರೆದೆ.

ಮಾರನೆಯ ದಿನ ಶಾಲೆಯಲ್ಲಿ ಸೌಮ್ಯ ಓದಿದ ಮೂರನೆಯ ಸಾಲಿಗೆ ಮುಂದಿನ ಬೆಂಚಿನವರೆಲ್ಲ ನನ್ನ ಕಡೆ ತಿರುಗಿದರು. ನಾಲ್ಕನೆಯದಕ್ಕೆ ಅಂಗಳವೆಲ್ಲ ಗೊಳ್ಳೆಂದಿತು. “ನಮ್ಮನೇಲೂ ಅಂಗೇ ಕಣವ್ವ!” ಎಂದು ಯಾರೋ ಹಿಂದಿನಿಂದ ಕೂಗಿದರು. ಅವರವರ ಬೇಲಿ ಅವರವರಿಗೆ ನೆನಪಾಗಿರಬೇಕು. ನನ್ನ ಸರದಿ ಬಂದಾಗ ಚೀಟಿ ಜೇಬಿನಲ್ಲೇ ಉಳಿಯಿತು. “ರೂಪ ಹೇಳುವುದಾದರೆ, ಮೂರು ಸಾಲು ಮುಚ್ಚಿದ ಗೇಟು, ನಾಲ್ಕನೆಯದರಲ್ಲಿ ತೆರೆಯುತ್ತದೆ. ಭಾವವನ್ನು ನೀವೇ ನಕ್ಕು ತೋರಿಸಿದಿರಿ. ಮೂರು ಸಲ ನೋಡುವ ಅಪ್ಪ ನಾನೇ,” ಎಂದೆ. ಕೊನೆಯ ಮಾತಿಗೆ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಯ ಬಗ್ಗೆ ಚಿಂತೆಯಾಯಿತು.

ಅಂದು ಸಂಜೆ ಗೇಟನ್ನು ಎರಡೇ ಸಲ ನೋಡಿ ಬಂದು ಧೈರ್ಯವಾಗಿ ಕೂತೆ. ಆಮೇಲೆ ತಡೆಯಲಾಗದೆ ಎದ್ದೆ. ಮಗಳ ಕವಿತೆ ಸುಳ್ಳಾಗಿಬಿಟ್ಟರೆ ಎಂಬ ಹೊಸ ಚಿಂತೆ ಹತ್ತಿಕೊಂಡಿತ್ತು.