ದೊಡ್ಡಮಾವನ ದೊಡ್ಡ ಅಕ್ಷರಗಳ ವೆಬ್‌ಸೈಟು

ವೆಬ್‌ಸೈಟಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು, ಅವರು ನನ್ನ ದೊಡ್ಡಮಾವ! ನೀವು ನಂಬುವುದಿಲ್ಲ, ಗೊತ್ತು. ಕಣ್ಣಾರೆ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ. ನಾನು ಮೂಡಿಗೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ನಮ್ಮ ಸಿಲಬಸ್ಸಿನಲ್ಲಿ ಅರಿಶಿನದ ಪ್ರಸ್ತಾಪ ಎಲ್ಲಿಯೂ ಇಲ್ಲ.

ದೊಡ್ಡಮಾವ ಎಂದರೆ ಅಮ್ಮನ ಹಿರಿಯಣ್ಣ. ಮೂವತ್ತು ವರ್ಷ ದೊಡ್ಡ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದವರು. ಕತೆ, ಕಾದಂಬರಿ ಬರೆಯುವ ರೈಟರ್ ಅಲ್ಲ ಮತ್ತೆ! ಇಂದು ಯಾರು ಕೆಲಸಕ್ಕೆ ಬಂದರು, ಯಾವ ಬ್ಲಾಕಿನಲ್ಲಿ ಹಣ್ಣು ಕೊಯ್ದರು ಎಂದು ರಿಜಿಸ್ಟರಿನಲ್ಲಿ ಬರೆಯುವ ರೈಟರ್. ಹೆಡಿಂಗೆಲ್ಲ ಕೆಂಪು ಶಾಯಿಯಲ್ಲಿ, ಕೆಳಗೆ ಸ್ಕೇಲ್ ಇಟ್ಟು ಎಳೆದ ಎರಡು ಗೆರೆ. ನಿವೃತ್ತರಾದರೂ ಕೈಚಟ ಬಿಡಲಿಲ್ಲ. ಅಡುಗೆಮನೆಯ ಡಬ್ಬಗಳಿಗೂ ಹೆಡಿಂಗ್ ಬಂತು. ‘ಸಾಸಿವೆ’ ಎಂದು ಬರೆದು ಎರಡು ಗೆರೆ ಎಳೆದಿದ್ದ ಡಬ್ಬದಲ್ಲಿ ಅತ್ತೆ ಬೇಕೆಂದೇ ಮೆಂತ್ಯ ತುಂಬಿಟ್ಟರು.

ಜಾವಳಿಯ ಆಚೆ ಇರುವ ಅವರ ಮನೆಯಲ್ಲಿ ಅತ್ತೆ ಎರಡು ಕೋಣೆ ಸುಣ್ಣ ಬಳಿಸಿ ಹೋಂಸ್ಟೇ ಶುರು ಮಾಡಿದರು. ಅತ್ತೆಗೆ ಅದರ ಮೇಲೆ ಇದ್ದ ಆಸೆ ಅಷ್ಟಿಷ್ಟಲ್ಲ. ಮದುವೆಯಾದಾಗಿನಿಂದ ಆ ಮನೆಯಲ್ಲಿ ‘ಇದು ನನ್ನದು’ ಎಂದು ಅವರು ಮಾಡಿದ ಮೊದಲ ಕೆಲಸ ಅದು. ಆದರೆ ಬರುವವರ ಫೋನಿಗೆ ಉತ್ತರ ಹೇಳಿ ಹೇಳಿ ಸುಸ್ತಾದರು. ಬಿಸಿನೀರು ಇದೆಯಾ? ಕಡುಬು ಮಾಡ್ತೀರಾ? ದಾರಿ ಯಾವುದು? ಜಿಗಣೆ ಕಚ್ಚುತ್ತಾ? ಇದೆಲ್ಲ ಒಂದು ವೆಬ್‌ಸೈಟಿನಲ್ಲಿ ಹಾಕಿಬಿಡೋಣ ಎಂದು ಸಲಹೆ ಕೊಟ್ಟವಳು ನಾನೇ. ಮಾಡಿದ್ದುಣ್ಣಬೇಕಲ್ಲ, ಉಂಡೆ.

ಒಂದು ಭಾನುವಾರ ನನ್ನ ಹಳೆಯ ಲ್ಯಾಪ್‌ಟಾಪನ್ನು ಮಾವನಿಗೇ ಕೊಟ್ಟು ಪಾಠ ಶುರು ಮಾಡಿದೆ. “ಮಾವ, ಹೆಡಿಂಗಿನಲ್ಲಿ ಆರು ಅಳತೆ ಇರ್ತವೆ. ಒಂದನೇದು ಎಲ್ಲಕ್ಕಿಂತ ದೊಡ್ಡದು. ಅದು ಪುಟಕ್ಕೆ ಒಂದೇ ಇರಬೇಕು. ಅದರ ಕೆಳಗೆ ಎರಡನೇದು, ಅದರ ಕೆಳಗೆ ಮೂರನೇದು.”

ಮೂವತ್ತು ವರ್ಷ ಹೆಡಿಂಗ್ ಬರೆದವರಿಗೆ ನಾನು ಹೆಡಿಂಗ್ ಕಲಿಸಿದೆ, ನೋಡಿ ನನ್ನ ಧೈರ್ಯ! ಮಾವ ತಲೆಯಾಡಿಸಿದರು. ಮುಂದಿನ ವಾರ ಹೋಗಿ ನೋಡಿದರೆ ಎಲ್ಲವೂ ಒಂದನೇ ಅಳತೆಯಲ್ಲಿತ್ತು. ಹೋಂಸ್ಟೇ ಹೆಸರು, ಅತ್ತೆಯ ಹೆಸರು, ‘ಬಿಸಿನೀರು ಇದೆ’, ‘ಜಿಗಣೆ ಮಳೆಗಾಲದಲ್ಲಿ ಮಾತ್ರ’, ನಾಯಿಯ ಹೆಸರು, ಎಲ್ಲ ಮೈಲಿಗಲ್ಲಿನ ಗಾತ್ರ. ಮೊಬೈಲಿನಲ್ಲಿ ತೆರೆದರೆ ಒಂದು ಪರದೆಗೆ ಒಂದೇ ಪದ. ‘ಬಿಸಿ’ ನೋಡಿ, ಬೆರಳಲ್ಲಿ ತಳ್ಳಿ, ‘ನೀರು’ ನೋಡಬೇಕು.

“ಮಾವ, ಇದು ಕಿರುಚಾಡಿದ ಹಾಗೆ ಕಾಣ್ತದೆ. ಕೆಲವನ್ನಾದ್ರೂ ಸಣ್ಣ ಮಾಡಿ.”

“ಸಣ್ಣಕ್ಷರ ಬೇಡ ಮಾರಾಯ್ತಿ.”

“ನಾಯಿ ಹೆಸರನ್ನಾದ್ರೂ?”

“ಅದೂ ಮನೇದೇ ಅಲ್ವಾ? ಅದಕ್ಕ್ಯಾಕೆ ಬೇಜಾರು ಮಾಡ್ಬೇಕು?”

ಮುಂದಿನ ಪಾಠ ಲಿಂಕಿನದು. ಊಟ, ಕೋಣೆ, ದಾರಿ, ಒಂದೊಂದಕ್ಕೂ ಬೇರೆ ಬೇರೆ ಪುಟ, ಒತ್ತಿದರೆ ಅಲ್ಲಿಗೆ ಹೋಗುವಂತೆ ಒಂದು ಲಿಂಕ್. ಲೋಕದವರೆಲ್ಲ ಬರೆಯುವಂತೆ ನಾನೂ ‘ಇಲ್ಲಿ ಒತ್ತಿ’ ಎಂದು ಬರೆದಿದ್ದೆ. ಮಾವನ ಮುಖ ಕೆಂಪಾಯಿತು. “ಮನೆಗೆ ಬಂದವರಿಗೆ ಕೂತ್ಕಳಿ ಅನ್ನೋದು ಬಿಟ್ಟು ಒತ್ತಿ ಅನ್ನೋದಾ?” ಅಳಿಸಿ ತಾವೇ ಬರೆದರು: ‘ಊಟೋಪಚಾರದ ವಿಷಯ ತಿಳಿಯುವ ಇಚ್ಛೆಯುಳ್ಳವರು ಸಂಕೋಚಪಡದೆ ಈ ಕಡೆಗೆ ದಯಮಾಡಿಸುವುದು.’ ಅದೂ ಒಂದನೇ ಅಳತೆಯಲ್ಲಿ! ಊಟದ ಪುಟಕ್ಕೆ ಹೋದವರು ಮೊದಲ ಪುಟಕ್ಕೆ ಮರಳಲು ಮತ್ತೊಂದು ಲಿಂಕ್ ಹಾಕಿಸಿದರು. “ನಾವು ಅವರ ಮನೆಗೆ ಹೋದ್ರೆ ಅವರೂ ನಮ್ಮನೆಗೆ ಬರಬೇಕು. ಒಂದೇ ಕಡೆಯಿಂದ ಹೋಗೋದು ಸಂಬಂಧ ಅಲ್ಲ.” ಈ ಒಂದು ವಿಷಯದಲ್ಲಿ ಮಾತ್ರ ಅವರು ನನ್ನ ಪಠ್ಯಪುಸ್ತಕವನ್ನೇ ಹೇಳಿದ್ದರು.

ನಿಜವಾದ ತಮಾಷೆ ಶುರುವಾದದ್ದು ಬೇರೆಯವರ ವೆಬ್‌ಸೈಟಿಗೆ ಲಿಂಕ್ ಹಾಕುವಾಗ. ಬಾಬಾಬುಡನ್‌ಗಿರಿಗೆ ಜೀಪ್ ಬಿಡುವ ಮೂಡಿಗೆರೆಯ ಮೆಕ್ಯಾನಿಕ್ ಸಾಹೇಬರದೊಂದು ಪುಟವಿತ್ತು, ಕಳಸದ ಜೇನಿನಂಗಡಿಯವರದೊಂದು. ಎರಡು ನಿಮಿಷದ ಕೆಲಸ. ಮಾವ ನನ್ನ ಕೈ ಹಿಡಿದು ನಿಲ್ಲಿಸಿದರು. “ಅವರನ್ನು ಕೇಳಿದ್ಯಾ? ಮನೆಗೆ ಹೋಗಿ ಕರೆದ್ಯಾ? ಕರೀದೇ ಅವರ ಹೆಸರು ಹಾಕಿದ್ರೆ ಎಂತ ಅಂದ್ಕಳ್ತಾರೆ?”

ಹೀಗೆ ನಮ್ಮ ವೆಬ್‌ಸೈಟಿನ ಮೊದಲ ಪುಟ ಪ್ರಿಂಟಾಯಿತು. ದೊಡ್ಡ ಅಕ್ಷರದ ದೆಸೆಯಿಂದ ಹದಿನೇಳು ಹಾಳೆ! ಮಾವ ಎಲ್ಲ ಹಾಳೆಗಳ ಮೂಲೆಗೂ ಲಗ್ನಪತ್ರಿಕೆಗೆ ಹಚ್ಚಿದಂತೆ ಅರಿಶಿನ ಹಚ್ಚಿ, ಬಿಳಿ ಶರ್ಟ್ ತೊಟ್ಟು ಹೊರಟರು. ಸಾಹೇಬರು ಜೀಪಿನ ಅಡಿಯಿಂದ ತೆವಳಿಕೊಂಡು ಹೊರಬಂದು, ಕೈಯ ಗ್ರೀಸ್ ಒರೆಸಿಕೊಂಡು ಅದನ್ನು ತೆಗೆದುಕೊಂಡರು.

“ಯಾರ ಮದುವೆ ರೈಟ್ರೇ?”

“ಮದುವೆ ಅಲ್ಲ. ನಿಮಗೊಂದು ಲಿಂಕ್ ಹಾಕ್ತಾ ಇದೀವಿ. ದೊಡ್ಡ ಮನಸ್ಸು ಮಾಡಿ ಒಪ್ಕಬೇಕು.”

ಸಾಹೇಬರು ಹದಿನೇಳು ಹಾಳೆಯನ್ನೂ ಗಂಭೀರವಾಗಿ ತಿರುವಿ ಹಾಕಿದರು. “ಆಗ್ಲಿ. ಊಟ ಎಲ್ಲಿ ಇಟ್ಕೊಂಡಿದೀರಿ?”

ಕಳಸಕ್ಕೂ ಬಸ್ಸಿನಲ್ಲಿ ಹೋಗಿ, ಜೇನಿನಂಗಡಿಯವರನ್ನು ಕರೆದು, ಅಲ್ಲಿಯೇ ಊಟ ಮಾಡಿ ಬಂದರು. ಹವಾಮಾನದ ಪುಟಕ್ಕೂ ಒಂದು ಲಿಂಕ್ ಹಾಕೋಣ ಎಂದು ನಾನು ಬಾಯಿ ತಪ್ಪಿ ಅಂದೆ. “ಹವಾಮಾನದವರ ಮನೆ ಎಲ್ಲಿ ಬರುತ್ತೆ?” ಎಂದರು. ಆ ಲಿಂಕಿನ ಆಸೆ ಕೈಬಿಟ್ಟೆ.

ಇಷ್ಟೆಲ್ಲ ಆದರೂ ಬರುವವರು ಮನೆ ತಲುಪುತ್ತಿರಲಿಲ್ಲ. ಏಕೆಂದರೆ ‘ದಾರಿ’ ಎಂಬ ಪುಟದಲ್ಲಿ ಮಾವ ಹೀಗೆ ಬರೆದಿದ್ದರು: ‘ಜಾವಳಿ ದಾಟಿ, ಸೇತುವೆಯ ನಂತರ ಎಡಕ್ಕೆ. ಆಮೇಲೆ ಯಾರನ್ನಾದರೂ ಕೇಳಿ.’ ಕೇಳಲು ಅಲ್ಲಿ ಇರುವುದು ಒಂದೇ ಮನೆ, ಹಸಿರು ಗೇಟಿನ ಚಿಕ್ಕಮಾವನ ಮನೆ. ಆ ಗೇಟಿನ ಬಲಕ್ಕೆ ತಿರುಗಿದರೇ ದೊಡ್ಡಮಾವನ ಮನೆ. ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೊಂದು ವರ್ಷ. ದೊಡ್ಡಮಾವನ ಮಗಳ ಮದುವೆಯಲ್ಲಿ ಏನೋ ಆಯಿತು ಎಂಬುದಷ್ಟೇ ನನಗೆ ಗೊತ್ತಿತ್ತು. ಕಾರಣ ಕೇಳಿದರೆ ಇಬ್ಬರಿಗೂ ಕೆಮ್ಮು ಬರುತ್ತಿತ್ತು. ಹಾಗಾಗಿ ಹಸಿರು ಗೇಟಿನ ಹೆಸರೆತ್ತದೆ ದಾರಿ ಹೇಳುವ ಸರ್ಕಸ್ಸು! ದಾರಿ ಕೇಳಿದವರಿಗೆ ಚಿಕ್ಕಮಾವ ಬಾಯಿ ಬಿಡದೆ ಗದ್ದ ಎತ್ತಿ ಬಲಕ್ಕೆ ತೋರಿಸುತ್ತಿದ್ದರಂತೆ. ಅವರು ಮನೆಯಲ್ಲಿ ಇಲ್ಲದ ದಿನ ಗದ್ದವೂ ಇರುತ್ತಿರಲಿಲ್ಲ.

ಅಂಥದೇ ಒಂದು ದಿನ ಹಾಸನದ ಸಂಸಾರವೊಂದು ಒಂದೂವರೆ ಗಂಟೆ ಸುತ್ತಿ, ಸಿಟ್ಟಾಗಿ ವಾಪಸ್ ಹೋಯಿತು. ಅತ್ತೆ ಅವರಿಗೆಂದು ಮಾಡಿದ ಕಡುಬು ಹಬೆ ಆರಿ ಕೂತಿತ್ತು. ಅಂದು ನಾನು ಅಲ್ಲಿಯೇ ಇದ್ದೆ.

“ಇನ್ನೊಬ್ರು ಹೀಗೆ ವಾಪಸ್ ಹೋದ್ರೆ ನಾನು ಕೋಣೆಗೆ ಬೀಗ ಹಾಕ್ತೀನಿ,” ಎಂದರು ಅತ್ತೆ. ಕೂಗಲಿಲ್ಲ, ಮೆಲ್ಲಗೆ ಹೇಳಿದರು. ಕೂಗಿದ್ದರೆ ಮಾವ ಹೆದರುತ್ತಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. “ನಿಂಗೆ ಗೊತ್ತಿಲ್ವಲ್ಲ, ಕೇಳು. ಮಗಳ ಮದುವೆ ಕಾಗದ ಬರೆದವರು ಇವರೇ. ಜಾಗ ಸಾಲ್ಲಿಲ್ಲ ಅಂತ ತಮ್ಮನ ಹೆಸರನ್ನ ಕೊನೇಲಿ, ಮಕ್ಕಳ ಜೊತೆ ಸಣ್ಣಕ್ಷರದಲ್ಲಿ ಹಾಕಿಸಿದ್ರು. ಪಕ್ಕದ ಮನೆ ತಾನೆ ಅಂತ ಕರೆಯೋಕೂ ಹೋಗ್ಲಿಲ್ಲ. ತೋಟದ ಆಳುಗಳ ಮೇಸ್ತ್ರಿ ಕೈಲಿ ಕಾಗದ ಕಳಿಸಿದ್ರು. ಊರಿಗೆಲ್ಲ ಹೋಗಿ ಕರೆದು, ಒಡಹುಟ್ಟಿದವನಿಗೆ ಮೇಸ್ತ್ರಿ!”

ಮಾವ ಕೆಮ್ಮಲಿಲ್ಲ. ತಲೆ ತಗ್ಗಿಸಿ ಕೂತಿದ್ದರು. ನಾನು ಊರೆಲ್ಲ ಹೇಳಿ ನಕ್ಕ ಆ ದೊಡ್ಡ ಅಕ್ಷರಗಳು, ಆ ಹದಿನೇಳು ಹಾಳೆ, ಜೀಪಿನ ಬುಡದವರೆಗೆ ಹೋದ ಅರಿಶಿನ! ನನಗೆ ನಿಜಕ್ಕೂ ನಾಚಿಕೆಯಾಯಿತು.

ಮಾವ ಅಂದರು, “ಲ್ಯಾಪ್‌ಟಾಪ್ ತೆಗಿ. ಆ ದಾರಿ ಪುಟದಲ್ಲಿ ಎಲ್ಲಾನೂ ಸಣ್ಣ ಮಾಡು.”

“ಎಲ್ಲಾನೂ?”

“ಎಲ್ಲಾನೂ. ಒಂದೇ ಒಂದು ದೊಡ್ಡದಿರಲಿ. ‘ನನ್ನ ತಮ್ಮನ ಹಸಿರು ಗೇಟು’ ಅಂತ ಹಾಕು.”

ಚಿಕ್ಕಮಾವ ತಮ್ಮ ಕಾಫಿಪುಡಿ ಮಾರಲು ಒಂದು ಪುಟ ಮಾಡಿಕೊಂಡಿದ್ದರು. ಹೆಡಿಂಗಿಗೆ ಅದರ ಲಿಂಕ್ ಹಾಕಲು ವಿಳಾಸ ಹುಡುಕಹೊರಟೆ. ಹುಡುಕುವ ಅಗತ್ಯವೇ ಇರಲಿಲ್ಲ. ದೊಡ್ಡಮಾವ ಆ ಪುಟವನ್ನು ದಿನಾ ತೆರೆದು ನೋಡಿದ್ದರ ಗುರುತು ಲ್ಯಾಪ್‌ಟಾಪಿನ ತುಂಬ ಇತ್ತು.

ಮರುದಿನ ಬಿಳಿ ಶರ್ಟ್ ತೊಟ್ಟು, ಅರಿಶಿನ ಹಚ್ಚಿದ ಒಂದೇ ಹಾಳೆ ಹಿಡಿದು ಹೊರಟರು. ಜೊತೆಗೆ ನಾನು. ಚಿಕ್ಕಮಾವ ಕಣದಲ್ಲಿ ಒಣಗಲು ಹರಡಿದ ಕಾಫಿಯನ್ನು ಎಳೆದು ತಿರುವುತ್ತಿದ್ದರು. ಹಾಳೆ ತೆಗೆದುಕೊಂಡು ಓದಿದರು. ಮತ್ತೆ ಓದಿದರು. ಇದ್ದದ್ದೇ ನಾಲ್ಕು ಸಾಲು!

“ಇಷ್ಟು ದೊಡ್ಡದಾಗಿ ಬರೆಯೋಕೆ ಹನ್ನೊಂದು ವರ್ಷ ಬೇಕಾಯ್ತಾ ಅಣ್ಣ?”

“ನಂಗೆ ಟೈಪಿಂಗ್ ಬರಲ್ಲ ಮಾರಾಯ.”

ಚಿಕ್ಕಮಾವ ಮುಖ ಆ ಕಡೆ ತಿರುಗಿಸಿಕೊಂಡು, ಕಾಫಿ ಮಾಡಲು ಒಳಗೆ ಕೂಗಿ ಹೇಳಿದರು.

ವಾರದೊಳಗೆ ಚಿಕ್ಕಮಾವನ ಪುಟದಲ್ಲಿಯೂ ಒಂದು ಹೆಡಿಂಗ್ ಬಂತು, ‘ನಮ್ಮ ಅಣ್ಣನ ಮನೆ’. ಅದಕ್ಕೊಂದು ಲಿಂಕು. ದೊಡ್ಡಮಾವ ಒತ್ತಿದರು. ‘ಈ ಪುಟ ಸಿಗಲಿಲ್ಲ’ ಎಂದು ಬಂತು. ಚಿಕ್ಕಮಾವ ವಿಳಾಸವನ್ನು ಅರ್ಧಕ್ಕೇ ನಕಲು ಮಾಡಿ ಹಾಕಿಬಿಟ್ಟಿದ್ದರು.

“ತಡೀರಿ ಮಾವ, ಫೋನ್ ಮಾಡಿ ಹೇಳ್ತೀನಿ. ಒಂದು ನಿಮಿಷದಲ್ಲಿ ಸರಿ ಮಾಡ್ತಾರೆ.”

“ಬೇಡ ಬೇಡ! ಫೋನಲ್ಲಿ ಹೇಳೋದಾ? ನಾನೇ ಹೋಗಿ ಹೇಳ್ತೀನಿ.”

ಅತ್ತೆಯ ಎರಡೂ ಕೋಣೆ ಈಗ ಶನಿವಾರ, ಭಾನುವಾರ ತುಂಬಿರುತ್ತವೆ. ಹಸಿರು ಗೇಟಿನವರೆಗೆ ಬಂದವರನ್ನು ಚಿಕ್ಕಮಾವ ಬಾಯಿ ತೆರೆದೇ ಕಳಿಸುತ್ತಾರೆ, ಒಮ್ಮೊಮ್ಮೆ ಮನೆ ಬಾಗಿಲವರೆಗೂ ಬಿಟ್ಟು ಹೋಗುತ್ತಾರೆ. ಆ ಲಿಂಕ್ ಮಾತ್ರ ಇವತ್ತಿಗೂ ತೆರೆಯುವುದಿಲ್ಲ. ತಪ್ಪಾಗಿದೆ ಎಂದು ಹೇಳಲು ದೊಡ್ಡಮಾವ ದಿನಾ ಸಂಜೆ ತಮ್ಮನ ಮನೆಗೆ ಹೋಗುತ್ತಾರೆ, ಕಾಫಿ ಕುಡಿಯುತ್ತಾರೆ, ಹೇಳುವುದನ್ನು ಮರೆತು ಬರುತ್ತಾರೆ. ಮುರಿದ ಲಿಂಕಿಗೆ ಮಕ್ಕಳ ಎರಡು ಅಂಕ ಕಳೆಯುವ ಮೇಷ್ಟ್ರು ನಾನು. ಇದನ್ನು ಸರಿಮಾಡಿಸಲು ಒಂದು ಫೋನ್ ಸಾಕು. ಮಾಡಿಲ್ಲ, ಮಾಡುವುದೂ ಇಲ್ಲ.