ಕಲ್ಲಂಗಡಿಗೆ ಸೊಳ್ಳೆಪರದೆ

ಮೂಡಿಗೆರೆ ಕಡೆಯ ಗದ್ದೆಯಲ್ಲಿ ಕಲ್ಲಂಗಡಿ ಬೆಳೆದೆ ಅಂದರೆ ನೀವು ನಂಬಲ್ಲ. ನಂಬಬೇಡಿ! ನಮ್ಮಪ್ಪನೇ ನಂಬಲಿಲ್ಲ, ಇನ್ನು ನೀವ್ಯಾವ ಲೆಕ್ಕ? ಹೊಸದೇನಾದರೂ ಮಾಡುವವನ ಗದ್ದೆಗೆ ನೀರು ಬರುವುದು ತಡವಾಗಬಹುದು, ನಗುವವರು ಬರುವುದು ತಡವಾಗಲ್ಲ.

ಭತ್ತ ಕೊಯ್ದಾದ ಮೇಲೆ ಹೊಳೆ ಪಕ್ಕದ ಗದ್ದೆ ಕೇಳಿದೆ. ಅಪ್ಪ ಒಂದೇ ಮಾತು ಹೇಳಿದರು: "ಈ ಬೇಸಿಗೆ ಒಂದು ಕೊಡ್ತೀನಿ. ಹಣ್ಣು ಬರ್ಲಿಲ್ವೋ, ಬಾಯ್ಮುಚ್ಕೊಂಡು ಸಾಹುಕಾರ್ರ ಎಸ್ಟೇಟಿಗೆ ರೈಟರಾಗಿ ಹೋಗ್ಬೇಕು."

ಇನ್ನೊಬ್ಬರ ಕೂಲಿಯಾಳುಗಳ ಹಾಜರಿ ಬರೆಯೋಕೆ ಹುಟ್ಟಿದವನಾ ನಾನು? "ಆಯ್ತು" ಅಂದೆ.

ಕರಿ ಕಣ

ಮಣ್ಣೇರಿಸಿ ಉದ್ದುದ್ದ ಏರಿ ಮಾಡಿ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಮಲ್ಚಿಂಗ್ ಶೀಟ್ ಎಳೆದು, ಅಂಚಿಗೆ ಮಣ್ಣು ಕೊಟ್ಟು, ಸಸಿ ನೆಡೋಕೆ ಸಾಲಾಗಿ ತೂತು ಹೊಡೆದೆ. ಊರಲ್ಲಿ ಅಂಥ ಕೆಲಸ ಮಾಡಿದವರಲ್ಲಿ ನಾನೇ ಮೊದಲು. ಮಾರನೇ ದಿನ ನೋಡಿದರೆ ಶೀಟಿನ ಮೇಲೆಲ್ಲ ಕಾಫಿ ಹಣ್ಣು! ಪಕ್ಕದ ಮನೆ ಚಿಕ್ಕಮ್ಮ ಆರಾಮಾಗಿ ಕೂತು ಕೈಯಾಡಿಸುತ್ತಿದ್ದರು.

"ಇದೇನು ಚಿಕ್ಕಮ್ಮ?"

"ಇಷ್ಟು ಒಳ್ಳೆ ಶೀಟು ಬಿಸಿಲಿಗೆ ಸುಮ್ನೆ ಬಿದ್ದಿತ್ತಲ್ಲೋ. ಅಲ್ಲ ಮಾರಾಯ, ತೂತು ಯಾಕೆ ಮಾಡಿದ್ದು? ನನ್ನ ಕಾಫಿಯೆಲ್ಲ ಮಣ್ಣಿಗೆ ಬಿತ್ತು."

"ಗಿಡ ಹೊರಗೆ ಬರೋಕೆ."

"ಮತ್ತೆ ಮುಚ್ಚಿದ್ದು ಯಾಕೆ?"

"ಕಳೆ ಹೊರಗೆ ಬರ್ಬಾರ್ದು ಅಂತ."

ಚಿಕ್ಕಮ್ಮ ಬುಟ್ಟಿ ಎತ್ತಿಕೊಂಡರು. "ತೂತು ಗಿಡಕ್ಕೆ ಅಂತ ಕಳೆಗೆ ಹೇಳಿದ್ಯಾ?"

ಪರದೆ

ಸಸಿ ನೆಟ್ಟೆ. ಬಿದಿರಿನ ದಬ್ಬೆ ಬಗ್ಗಿಸಿ ಸಾಲಿನುದ್ದಕ್ಕೂ ತೆಳು ಬಿಳಿ ಬಟ್ಟೆ ಹೊದಿಸಿದೆ. ಎಳೆ ಬಳ್ಳಿಗೆ ಹುಳವೂ ಇಲ್ಲ, ಚಳಿಯೂ ಇಲ್ಲ. ಎಸ್ಟೇಟಿನ ಕೆಲಸ ಮುಗಿಸಿ ಕೂಲಿಯವರ ಲೈನ್ ಮನೆಗೆ ವಾಪಸಾಗುತ್ತಿದ್ದ ಹೆಂಗಸರು ಬದುವಿನ ಮೇಲೆ ನಿಂತುಬಿಟ್ಟರು.

"ಏನಣ್ಣ, ಗಿಡಕ್ಕೂ ಸೊಳ್ಳೆ ಕಚ್ಚುತ್ತಾ?"

"ನಗಿ, ನಗಿ. ಹಣ್ಣು ತಿನ್ನೋಕೆ ಬರ್ತೀರಲ್ಲ, ಆಗ ಮಾತಾಡೋಣ."

ಅವರಲ್ಲಿ ಹಿರಿಯಾಕೆ ಬಟ್ಟೆ ಮುಟ್ಟಿ ನೋಡಿ ಅಂದಳು: "ನಮ್ಮ ಲೈನಲ್ಲಿ ಮಲಗೋರಿಗೇ ಪರದೆ ಇಲ್ಲ. ಮುಂದಿನ ಜನ್ಮ ಅಂತ ಇದ್ರೆ ಇವನ ಗದ್ದೇಲಿ ಬಳ್ಳಿಯಾಗಿ ಹುಟ್ಬೇಕು ಕಣ್ರೇ."

ಇಸ್ತ್ರಿ ಪ್ಯಾಂಟು

ಹೂ ಬಿಟ್ಟಿತು. ಬಟ್ಟೆ ತೆಗೆದು ಮಡಚಿಟ್ಟೆ. ಅಪ್ಪ ದೂರದಿಂದ ಅಷ್ಟನ್ನೇ ನೋಡಿ, ಮಗ ಸೋತ ಅಂದುಕೊಂಡು ನೇರ ಸಾಹುಕಾರರ ಬಂಗಲೆಗೆ ಹೋಗಿ ಮಾತು ಕೊಟ್ಟು ಬಂದರು. ಬೆಳಿಗ್ಗೆ ಎದ್ದರೆ ಕುರ್ಚಿಯ ಮೇಲೆ ಇಸ್ತ್ರಿ ಮಾಡಿದ ಪ್ಯಾಂಟು.

"ಹೊರಡು. ಸೋಲೋದ್ರಲ್ಲಿ ನಾಚ್ಕೆ ಏನಿಲ್ಲ."

"ಯಾರು ಸೋತಿದ್ದು? ಪರದೆ ಇದ್ರೆ ಜೇನು ಒಳಗೆ ಹೋಗೋದು ಹೇಗೆ? ಜೇನು ಕೂರದೆ ಕಾಯಿ ಕಚ್ಚಲ್ಲ ಅಪ್ಪ."

"ಹುಳ ಬರಬಾರ್ದು ಅಂತಲೇ ಅಲ್ವೇನೋ ಪರದೆ ಕಟ್ಟಿದ್ದು?"

"ಅದು ಬೇರೆ ಹುಳ, ಇದು ಬೇರೆ."

ಅಪ್ಪ ತಲೆ ಹಿಡಿದುಕೊಂಡರು. "ಸಾಹುಕಾರ್ರು ಕೇಳಿದ್ರೆ ಏನು ಹೇಳ್ಲಿ?"

"ಇನ್ನೂ ಜೇನು ಬಂದಿಲ್ಲ ಅನ್ನಿ." ಪ್ಯಾಂಟು ಹಾಕಿಕೊಂಡು ಗದ್ದೆಗಿಳಿದೆ.

ಸಾಹುಕಾರರ ಜೀಪು

ಕಾಯಿ ಕಚ್ಚಿತು, ಉಬ್ಬಿತು, ಬದುವಿನ ಮೇಲಿಂದಲೇ ಕಾಣುವಷ್ಟಾಯಿತು. ಮೊದಲ ಹಣ್ಣು ಕೀಳುವ ದಿನ ಊರೆಲ್ಲ ಗದ್ದೆಯಲ್ಲೇ. ರೈಟರ್ ಇನ್ನೂ ಯಾಕೆ ಬಂದಿಲ್ಲ ಅಂತ ಕೇಳೋಕೆ ಸಾಹುಕಾರರೂ ಜೀಪಿನಲ್ಲಿ ಬಂದರು. ನಾನು ಎದೆಯುಬ್ಬಿಸಿ ಮುಂದೆ ಹೋಗುವಷ್ಟರಲ್ಲಿ ಅಪ್ಪ ಅಡ್ಡ ನಿಂತು ಶುರು ಮಾಡಿಬಿಟ್ಟರು!

"ಬನ್ನಿ ಸಾರ್. ಇದು ಶೀಟು, ಕಳೆ ತಡಿಯುತ್ತೆ. ಪರದೆ ಹೂ ಬರೋವರೆಗೆ ಮಾತ್ರ. ಹುಳದಲ್ಲಿ ಎರಡು ಜಾತಿ ನೋಡಿ..."

ಹಣ್ಣು ತಟ್ಟಿ ನೋಡಿದ್ದು ಅಪ್ಪ, ಹೆಚ್ಚಿದ್ದು ಅವರು, ನಡುವಿನ ಕೆಂಪು ತಿರುಳು ಸಾಹುಕಾರರ ಕೈಗಿಟ್ಟಿದ್ದೂ ಅವರು. ಚಿಕ್ಕಮ್ಮ ಮೂರು ಹೋಳು ಮುಗಿಸಿ ನಾಲ್ಕನೆಯದಕ್ಕೆ ಕೈ ಹಾಕಿದ್ದರು. ಲೈನಿನ ಹೆಂಗಸರಿಗೆ ಮಾತಾಡೋಕೆ ಬಾಯಿ ಖಾಲಿ ಇರಲಿಲ್ಲ.

ಸಾಹುಕಾರರು ಗಡ್ಡ ಒರೆಸಿಕೊಂಡು ಕೇಳಿದರು: "ಹಾಗಾದ್ರೆ ನಿಮ್ಮ ಮಗ ಕೆಲಸಕ್ಕೆ ಬರೋದು ಯಾವಾಗ?"

"ಅವನಿಗೆಲ್ಲಿ ಸಾರ್ ಪುರುಸೊತ್ತು? ಮೇಲಿನ ಗದ್ದೇನೂ ಅವನಿಗೇ ಬಿಟ್ಟುಕೊಟ್ಟಿದೀನಿ."

ಆ ವಿಷಯ ನನಗೂ ಗೊತ್ತಾಗಿದ್ದು ಆಗಲೇ. ತಿರುಗಿ ನೋಡಿದರೆ ಹೆಚ್ಚಿದ ಹಣ್ಣೆಲ್ಲ ಖಾಲಿ.

ನನಗೆ ಸಿಕ್ಕಿದ್ದು ಮೇಲಿನ ಗದ್ದೆ, ಮತ್ತೆ ದನಕ್ಕೆ ಹಾಕು ಅಂತ ಅಪ್ಪ ಕೊಟ್ಟ ಒಂದು ಬುಟ್ಟಿ ಸಿಪ್ಪೆ.