ಅಶ್ಫಾಕ ಸಾಹೇಬರು ಬಾಯಿ ಹಾಕದ ದಿನ

ಅಶ್ಫಾಕ ಸಾಹೇಬರ ಫಜೀತಿ ಶುರುವಾದದ್ದು ಒಂದು ಪುಕ್ಕಟೆ ಊಟದಿಂದ. ವಿಜಯಪುರದಲ್ಲಿ ಸಣ್ಣ ವ್ಯಾಪಾರಸ್ಥರಿಗೆ ಒಂದು ದಿನದ ತರಬೇತಿ, ಮಧ್ಯಾಹ್ನ ಹೋಳಿಗೆ ಊಟ ಎಂದು ಯಾರೋ ಹೇಳಿದ್ದರು. ಹೋಳಿಗೆಯ ಆಸೆಗೆ ಹೋದವರು ಭಾಷಣವನ್ನೂ ನುಂಗಿಕೊಂಡು ಬಂದರು. "ಕೆಲಸ ಒಪ್ಪಿಸಿ, ಮಾತು ತಗೊಳ್ಳಿ, ಆಮೇಲೆ ಕೈ ತೆಗೀರಿ. ಬೆನ್ನ ಹಿಂದೆ ನಿಂತು ಕಾಡೋನು ನಾಯಕನಲ್ಲ, ಪೀಡೆ," ಎಂದಿದ್ದ ಟೈ ಕಟ್ಟಿದ ಭಾಷಣಕಾರ.

ಮಾತು ಸಾಹೇಬರಿಗೆ ಚುಚ್ಚಿತು. ಝಳಕಿಯ ಹೆದ್ದಾರಿ ಪಕ್ಕ ಅವರದೊಂದು ಲಿಂಬೆಕಾಯಿ ಶೆಡ್ಡು. ಕಾಯಿ ಆರಿಸುವ ಹೆಂಗಸರ ಮುಂದಾಳು ಕಸ್ತೂರೆವ್ವ ಆರಿಸಿಟ್ಟ ಕಾಯನ್ನು ಅವರು ಮತ್ತೆ ಎತ್ತಿಕೊಂಡು, ಹೆಣ್ಣು ನೋಡಲು ಬಂದ ಬೀಗರಂತೆ ಹೊರಳಿಸಿ ನೋಡುತ್ತಿದ್ದರು. ಚೀಲ ಹೊಲಿಯುವ ಕಾಳಪ್ಪ ದಬ್ಬಣಕ್ಕೆ ದಾರ ಪೋಣಿಸುವಾಗ ತೂತು ಯಾವ ಕಡೆಗಿದೆ ಎಂದು ತೋರಿಸುತ್ತಿದ್ದರು.

ಮರುದಿನ ಮುಂಜಾನೆ ಎಲ್ಲರನ್ನೂ ಕೂಡಿಸಿ ಸಾರಿದರು. "ಇವತ್ತಿನಿಂದ ನಾ ನಡಕ ಬಾಯಿ ಹಾಕಾಂಗಿಲ್ಲ. ಪುಣೆದ ಸೇಠಜಿ ಮದಲನೇ ಸಲ ಮಾಲು ಕೇಳ್ಯಾರ, ಇನ್ನೂರು ಚೀಲ. ಸಂಜಿ ನಾಕಕ್ಕ ಇಲ್ಲಿಂದ ಬಿಡಬೇಕು. ತಪ್ಪಿದ್ರ ಮತ್ತ ಅವ್ರು ನಮ್ಮ ಹೆಸರ ಎತ್ತಾಂಗಿಲ್ಲ. ಯಾರ್ಯಾರು ಏನೇನು ಮಾಡ್ತೀರಿ, ನೀವೇ ಹೇಳ್ರಿ."

ಕಸ್ತೂರೆವ್ವ ಅವರ ಮುಖವನ್ನೇ ನೋಡಿದಳು. "ಆರಾಮ ಅದೀರಿಲ್ರಿ, ಸಾಹೇಬ್ರ?"

"ಆರಾಮ ಅದೇನಿ."

"ಹಂಗಾದ್ರ ಎರಡಕ್ಕ ಆರಸೂದು ಮುಗಸ್ತೇವ್ರಿ."

"ಮೂರೂವರಿಗೆ ಇನ್ನೂರೂ ಹೊಲದು ಬಾಗಲಾಗ ಒಟ್ಟತೇನ್ರಿ," ಎಂದ ಕಾಳಪ್ಪ.

ಸಾಹೇಬರು ತಮ್ಮ ಕೈ ಸುಮ್ಮನಿರಲಾರದೆಂಬ ಭಯಕ್ಕೆ ಫೋನನ್ನೂ ಆಫ್ ಮಾಡಿ ಮನೆಗೆ ನಡೆದರು.

ಮನೆಯಲ್ಲಿ ಹೆಂಡತಿ ಗುಲನಾಜ ರೊಟ್ಟಿ ಬಡಿಯುತ್ತಿದ್ದಳು. ಸಾಹೇಬರು ಎದುರಿಗೆ ಕುಕ್ಕರಗಾಲಲ್ಲಿ ಕೂತು, "ಅಂಚು ದಪ್ಪಾಗೇತಿ," ಎಂದರು. ಎರಡನೆಯದಕ್ಕೆ, "ಈಗ ಹೊಳ್ಳಿ ಹಾಕು," ಎಂದರು. ಮೂರನೆಯದಕ್ಕೆ ಆಕೆ ಹಿಟ್ಟಿನ ಕೈಯಲ್ಲೇ ಎದ್ದಳು. "ಅಲ್ಲಿ ಬಿಟ್ಟಿದ್ದು ಇಲ್ಲಿ ತೀರಿಸ್ಕೊಳ್ಳಾಕ ಬಂದೀರೇನು? ಏಳ್ರಿ ಮದಲ!"

ಅಲ್ಲಿಂದ ಎದ್ದವರು ಶೆಡ್ಡಿನ ಎದುರಿಗಿದ್ದ ರಾಚಪ್ಪನ ಚಹಾದಂಗಡಿಯಲ್ಲಿ ಶೆಡ್ಡಿಗೆ ಬೆನ್ನು ಮಾಡಿ ಕೂತರು. ರಾಚಪ್ಪ ಕೇಳದಿದ್ದರೂ ವರದಿ ಒಪ್ಪಿಸತೊಡಗಿದ.

"ಸಾಹೇಬ್ರ, ಒಳಗ ನಗು ಕೇಳಾಕತ್ತೈತಿ."

"ನಗಲಿ."

"ಕೆಲಸ ಮಾಡೋರು ಎಲ್ಲ್ಯರ ನಗ್ತಾರೇನ್ರಿ?" ಸ್ವಲ್ಪ ಹೊತ್ತು ಬಿಟ್ಟು, "ಈಗ ನಗೂದು ನಿಂತೈತ್ರಿ."

"ಚಲೋ ಆತು."

"ಮಕ್ಕೊಂಡಿರಬೇಕು."

ಸಾಹೇಬರು ಚಹಾದ ದುಡ್ಡು ಇಟ್ಟರು. ಎದ್ದು ಶೆಡ್ಡಿನ ಹಿಂದೆ ಹೋಗಿ, ಹಳೆಯ ಕಟ್ಟಿಗೆ ಡಬ್ಬಿಯೊಂದರ ಮೇಲೆ ಹತ್ತಿ ಕಿಟಕಿಯಲ್ಲಿ ಇಣುಕಿದರು. ಒಳಗೆ ಎಲ್ಲರ ಕೈಗಳೂ ಮಗ್ಗದ ಲಾಳಿಯಂತೆ ಓಡುತ್ತಿದ್ದವು. ಆಹಾ ಎನ್ನುವಷ್ಟರಲ್ಲಿ ಡಬ್ಬಿ ಲಟಕ್ಕೆಂದಿತು. ಸಾಹೇಬರು ಕೊಳೆತ ಕಾಯಿಯ ಗುಂಪೆಯಲ್ಲಿ ಸೊಂಟದವರೆಗೆ ಹೂತುಹೋದರು.

"ಯಾರದು?" ಒಳಗಿಂದ ಕಸ್ತೂರೆವ್ವ ಕೂಗಿದಳು.

"ಯಾರೂ ಅಲ್ಲ!"

ಮತ್ತೆ ಕಸ್ತೂರೆವ್ವನ ದನಿಯೇ ಕೇಳಿತು. "ಯಾರೂ ಅಲ್ಲಂತ, ಕಾಳಪ್ಪ. ನೀ ಹೊಲಿ."

ಮೂರೂ ಇಪ್ಪತ್ತಕ್ಕೆ ಇನ್ನೂರು ಚೀಲ ಬಾಗಿಲಲ್ಲಿ ಗೋಡೆ ಕಟ್ಟಿದಂತೆ ನಿಂತವು. ಸಾಹೇಬರು ಒಂದೊಂದನ್ನೂ ಮುಟ್ಟಿದರು. ಕೈಗೆ ಒಂದೂ ಮೆತ್ತನೆ ಕಾಯಿ ಹತ್ತಲಿಲ್ಲ, ಒಂದು ಹೊಲಿಗೆಯೂ ಸಡಿಲವಿರಲಿಲ್ಲ. ಅವರ ಕಣ್ಣು ತುಂಬಿ ಬಂತು. "ನಾ ಇಲ್ಲದ, ಹತ್ತು ಮಿನಿಟು ಮದಲ! ಇಷ್ಟು ವರ್ಷ ನಾ ಯಾಕ ಒದ್ದಾಡಿದ್ನೋ!"

"ಅದಿರಲ್ರಿ," ಎಂದಳು ಕಸ್ತೂರೆವ್ವ, "ಗಾಡಿ ಎಲ್ಲಿ ಐತಿ?"

ಗಾಡಿಯ ಕೆಲಸವನ್ನು ಸಾಹೇಬರು ಎಂದೂ ಯಾರಿಗೂ ಮುಟ್ಟಗೊಟ್ಟವರಲ್ಲ. ಲಾರಿಯ ಜುಲ್ಫಿಕರನಿಗೆ ಮೂರು ದಿನ ಮೊದಲೇ ಹೇಳಿದ್ದರು. ಆಫ್ ಇದ್ದ ಫೋನು ಚಾಲೂ ಮಾಡಿ ಅವನಿಗೆ ಹಚ್ಚಿದರು.

"ಎಲ್ಲಿದ್ದೀಯೋ?"

"ವಿಜಯಪುರದ ಆಚೆ ಕೊಲ್ಹಾರ ದಾಟೇನ್ರಿ, ಬ್ಯಾರೇದವ್ರ ಉಳ್ಳಾಗಡ್ಡಿ ಹೇರ್ಕೊಂಡು."

"ಮೂರೂವರಿಗೆ ಬರ್ತೇನಿ ಅಂತ ಮಾತು ಕೊಟ್ಟಿದ್ದೆಲ್ಲೋ!"

"ಕೊಟ್ಟಿದ್ದೆ ಖರೆ. ಆದ್ರ ಗಾಡಿ ಹೇಳಿದ ದಿನ ನೀವು ಮಧ್ಯಾನದೊಳಗ ಹದಿನೈದು ಸಲ ಫೋನ್ ಮಾಡ್ತೀರಿ. ಡೀಸೆಲ್ ಹಾಕಿಸ್ದ್ಯಾ, ಗಾಳಿ ನೋಡಿದ್ಯಾ, ಮಾರಿ ತೊಳ್ಕೊಂಡ್ಯಾ ಅಂತ. ಇವತ್ತ ಒಂದೂ ಬರಲಿಲ್ಲ. ನಾ ಹಚ್ಚಿದ್ರ ಆಫ್. ಆರ್ಡರ ಮುರದಬಿದ್ದೈತಿ ಅನಕೊಂಡೆ."

ಸಾಹೇಬರು ಹೆದ್ದಾರಿಗೆ ಓಡಿದರು. ಸೊಲ್ಲಾಪುರದ ಕಡೆಗೆ ಲಾರಿಗಳು ಇರುವೆ ಸಾಲಿನಂತೆ ಹೋಗುತ್ತಿದ್ದವು. ಎರಡೂ ಕೈ ಎತ್ತಿ ಕುಣಿದರು. ಒಬ್ಬ ಡ್ರೈವರು ವೇಗ ಕಡಿಮೆ ಮಾಡಿದವನು, ಕೊಳೆತ ಕಾಯಿ ಮೆತ್ತಿದ ಅವರ ಅವತಾರ ನೋಡಿ ಮತ್ತೆ ಜೋರು ಮಾಡಿದ.

ಕೆಲಸ ಮುಗಿಸಿ ಕಸ್ತೂರೆವ್ವನ ಜೊತೆ ರಾಚಪ್ಪನ ಅಂಗಡಿಯಲ್ಲಿ ಕೂತಿದ್ದ ಕಾಳಪ್ಪ ಚಹಾ ಕೆಳಗಿಟ್ಟ. "ಯಕ್ಕಾ, ಪೆಟ್ರೋಲ್ ಬಂಕಿನ ಹಿಂದ ನಮ್ಮ ಮಾವನ ಲಾರಿ ಖಾಲಿ ನಿಂತೈತಿ. ಹೋಗಿ ಹೇಳಲೇನು?"

ಅವನು ಎದ್ದದ್ದನ್ನು ಕಂಡ ಸಾಹೇಬರು ರಸ್ತೆಯ ಆಚೆಯಿಂದಲೇ ಕೂಗಿದರು. "ನೀವು ಯಾರೂ ಬರಬ್ಯಾಡ್ರಿ! ನಿಮ್ಮ ಕೆಲಸ ನೀವು ಮಾಡೀರಿ! ಇದು ನನ್ನ ಜವಾಬ್ದಾರಿ!"

ಕಸ್ತೂರೆವ್ವ ಕಾಳಪ್ಪನ ಅಂಗಿ ಹಿಡಿದು ಜಗ್ಗಿದಳು. "ಕೇಳಿದ್ಯಾ? ಕುಂಡ್ರು. ಅವರ ಕೆಲಸದಾಗ ನಾವು ಬಾಯಿ ಹಾಕಬಾರದು."